ಮಗುವಿನ ಹೃದಯದಲ್ಲಿ ತೂತು ಇದೆ ಅಂದರೆ: ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಮನೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಡಾಕ್ಟರ ಮುಂದೆ ಕೂತಾಗ ಬಾಯಿ ಕಟ್ಟಿರುತ್ತದೆ. ಎಕೋ (ಹೃದಯದ ಸ್ಕ್ಯಾನಿಂಗ್) ರಿಪೋರ್ಟ್ ಹಿಡಿದು ಹೊರಗೆ ಬಂದ ಮೇಲೆಯೇ ಪ್ರಶ್ನೆಗಳು ಒಂದೊಂದಾಗಿ ಏಳುತ್ತವೆ. ಮಕ್ಕಳ ವಾರ್ಡಿನಲ್ಲಿ ಕೆಲಸ ಮಾಡುವ ನನ್ನನ್ನು ಅಥಣಿ, ಗೋಕಾಕ, ಜಮಖಂಡಿ, ಮುಧೋಳ, ಇಂಡಿ, ಸಿಂದಗಿ ಕಡೆಯ ಅಪ್ಪ-ಅಮ್ಮಂದಿರು, ಅಜ್ಜಿಯಂದಿರು ಕೇಳುವ ಪ್ರಶ್ನೆಗಳೇ ಇವು. ಓದಿ ತಿಳಿದುಕೊಳ್ಳಿ. ಆದರೆ ನಿಮ್ಮ ಮಗುವಿಗೆ ಏನು ಮಾಡಬೇಕು ಅನ್ನುವುದನ್ನು ಮಗುವನ್ನು ಪರೀಕ್ಷೆ ಮಾಡಿದ ಡಾಕ್ಟರೇ ಹೇಳಬೇಕು.

ಹೃದಯದಲ್ಲಿ ತೂತು ಅಂದರೆ ಏನು?

ಹೃದಯದಲ್ಲಿ ನಾಲ್ಕು ಕೋಣೆಗಳಿವೆ. ಮೇಲೆ ಎರಡು, ಕೆಳಗೆ ಎರಡು. ಬಲಗಡೆಯ ಕೋಣೆಗಳು ಕೆಟ್ಟ ರಕ್ತವನ್ನು ಶ್ವಾಸಕೋಶಕ್ಕೆ ಕಳಿಸುತ್ತವೆ, ಎಡಗಡೆಯವು ಶುದ್ಧ ರಕ್ತವನ್ನು ಮೈಗೆಲ್ಲ ಕಳಿಸುತ್ತವೆ. ನಡುವೆ ಗೋಡೆ ಇರುತ್ತದೆ. ಮೇಲಿನ ಕೋಣೆಗಳ ನಡುವಿನ ಗೋಡೆಯಲ್ಲಿ ತೂತಿದ್ದರೆ ಎಎಸ್‌ಡಿ, ಕೆಳಗಿನ ಕೋಣೆಗಳ ನಡುವಿನ ಗೋಡೆಯಲ್ಲಿದ್ದರೆ ವಿಎಸ್‌ಡಿ. ಪಿಡಿಎ ಅನ್ನುವುದು ಗೋಡೆಯ ತೂತಲ್ಲ. ಮಗು ಹೊಟ್ಟೆಯಲ್ಲಿದ್ದಾಗ ಎರಡು ದೊಡ್ಡ ರಕ್ತನಾಳಗಳ ನಡುವೆ ಒಂದು ಸಣ್ಣ ಕೊಳವೆ ಇರುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಅದು ಮುಚ್ಚಬೇಕು. ಮುಚ್ಚದೆ ಉಳಿದರೆ ಅದೇ ಪಿಡಿಎ.

ಎಡಗಡೆ ಒತ್ತಡ ಜಾಸ್ತಿ. ಹಾಗಾಗಿ ತೂತಿನ ಮೂಲಕ ರಕ್ತ ಎಡದಿಂದ ಬಲಕ್ಕೆ ನುಗ್ಗಿ ಮತ್ತೆ ಶ್ವಾಸಕೋಶಕ್ಕೇ ಹೋಗುತ್ತದೆ. ಕಾಲುವೆ ಒಡೆದು ನೀರೆಲ್ಲ ಒಂದೇ ಹೊಲಕ್ಕೆ ನುಗ್ಗಿದರೆ ಆ ಹೊಲ ಜವುಳು ಹಿಡಿಯುತ್ತದೆ, ಕೆಳಗಿನ ಹೊಲ ಒಣಗುತ್ತದೆ. ಇಲ್ಲೂ ಹಾಗೇ. ಶ್ವಾಸಕೋಶದಲ್ಲಿ ರಕ್ತ ಜಾಸ್ತಿ, ಮೈಗೆ ಕಡಿಮೆ. ಮಗು ಏದುಸಿರು ಬಿಡುವುದೂ ತೂಕ ಏರದಿರುವುದೂ ಇದರಿಂದಲೇ.

ಇದು ಅಪರೂಪದ ಕಾಯಿಲೆಯಾ?

ಅಲ್ಲ. ಹುಟ್ಟುವ ಪ್ರತಿ 100 ಮಕ್ಕಳಲ್ಲಿ ಸುಮಾರು ಒಂದಕ್ಕೆ ಹೃದಯದ ಏನಾದರೂ ಹುಟ್ಟುದೋಷ ಇರುತ್ತದೆ. ಅದರಲ್ಲಿ ವಿಎಸ್‌ಡಿಯೇ ಜಾಸ್ತಿ.

ನಮ್ಮದೇನು ತಪ್ಪಾಯಿತು? ಗ್ರಹಣದ ದಿನ ಹೊರಗೆ ಬಂದಿದ್ದಕ್ಕೆ ಹೀಗಾಯಿತು ಅನ್ನುತ್ತಾರೆ.

ಈ ಪ್ರಶ್ನೆಯನ್ನು ತಾಯಿ ಕೇಳುವುದಿಲ್ಲ. ಅತ್ತೆಯೋ ನಾದಿನಿಯೋ ಅಂತಾರೆ, ತಾಯಿ ತಲೆ ತಗ್ಗಿಸಿ ಕೂತಿರುತ್ತಾಳೆ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ. ಭಾರ ಎತ್ತಿದ್ದಕ್ಕೂ ಇಲ್ಲ, ಪಪ್ಪಾಯಿ ತಿಂದಿದ್ದಕ್ಕೂ ಇಲ್ಲ. ಮಗುವಿನ ಹೃದಯ ರೂಪುಗೊಳ್ಳುವುದು ಗರ್ಭದ ಮೊದಲ 8 ವಾರಗಳ ಒಳಗೆ. ಎಷ್ಟೋ ಹೆಣ್ಣುಮಕ್ಕಳಿಗೆ ಆಗ ತಾನು ಬಸುರಿ ಅಂತಲೇ ಗೊತ್ತಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಇಂಥದ್ದೇ ಕಾರಣ ಅಂತ ಹೇಳಲು ಆಗುವುದೂ ಇಲ್ಲ.

ಕೆಲವು ಕಾರಣಗಳು ಮಾತ್ರ ಗೊತ್ತಿವೆ. ಬಸುರಿಯಲ್ಲಿ ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳಲ್ಲಿ ರುಬೆಲ್ಲಾ ಸೋಂಕು, ಮೂರ್ಛೆರೋಗದ ಕೆಲವು ಮಾತ್ರೆಗಳು, ಮದ್ಯಪಾನ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಹೃದಯದ ದೋಷ ಇರುತ್ತದೆ. ಅವರಿಗೆಲ್ಲ ಎಕೋ ಮಾಡಿಸಲೇಬೇಕು. ಇನ್ನೊಂದನ್ನು ನಮ್ಮ ಕಡೆ ಬಿಚ್ಚಿ ಹೇಳಬೇಕು: ಸೋದರಮಾವನಿಗೆ ಕೊಡುವುದು, ಅತ್ತೆ ಮಗನಿಗೆ ಕೊಡುವುದು. ರಕ್ತಸಂಬಂಧದಲ್ಲಿ ಮದುವೆಯಾದವರ ಮಕ್ಕಳಲ್ಲಿ ಹುಟ್ಟುದೋಷಗಳು ಸ್ವಲ್ಪ ಜಾಸ್ತಿ. ಮದುವೆ ಆಗಿಹೋಗಿದ್ದರೆ ಅದನ್ನು ಹಿಡಿದು ಕೊರಗಬೇಡಿ. ಮನೆಯ ಮುಂದಿನ ಮದುವೆ ಗೊತ್ತುಮಾಡುವಾಗ ನೆನಪಿರಲಿ.

ಹುಟ್ಟಿದಾಗ ಡಾಕ್ಟರು ಎಲ್ಲ ಸರಿ ಇದೆ ಅಂದಿದ್ದರು. ಈಗ ತೂತು ಎಲ್ಲಿಂದ ಬಂತು?

ತೂತು ಹುಟ್ಟಿದಾಗಲೂ ಇತ್ತು. ಸದ್ದು ಇರಲಿಲ್ಲ ಅಷ್ಟೇ. ಹುಟ್ಟಿದ ಹೊಸದರಲ್ಲಿ ಶ್ವಾಸಕೋಶದ ರಕ್ತನಾಳಗಳು ಬಿಗಿಯಾಗಿರುತ್ತವೆ. ಎಡಕ್ಕೂ ಬಲಕ್ಕೂ ಒತ್ತಡದಲ್ಲಿ ದೊಡ್ಡ ಅಂತರ ಇರುವುದಿಲ್ಲ, ತೂತಿನಲ್ಲಿ ರಕ್ತ ರಭಸವಾಗಿ ಹರಿಯುವುದಿಲ್ಲ. ಕೆಲವು ವಾರಗಳಲ್ಲಿ ಆ ಬಿಗಿ ಸಡಿಲಾಗುತ್ತದೆ, ಹರಿವು ಜೋರಾಗುತ್ತದೆ, ಸ್ಟೆತಾಸ್ಕೋಪಿಗೆ 'ಮರ್ಮರ್' ಕೇಳಿಸುತ್ತದೆ. ಎಷ್ಟೋ ಸಲ ಒಂದೂವರೆ ತಿಂಗಳಿನ ಲಸಿಕೆಗೆ ಬಂದಾಗಲೇ ಇದು ಸಿಗುವುದು. ಎಎಸ್‌ಡಿಯಂತೂ ಶಾಲೆಗೆ ಹೋಗುವ ವಯಸ್ಸಿನವರೆಗೂ ಸುಳಿವು ಕೊಡದೆ ಇರಬಹುದು. ಹುಟ್ಟಿದಾಗ ನೋಡಿದ ಡಾಕ್ಟರ ಮೇಲೆ ಸಿಟ್ಟಾಗಬೇಡಿ.

ಮರ್ಮರ್ ಅಂದರೆ ತೂತು ಅಂತಲೇನಾ?

ಇಲ್ಲ. ಏನೂ ದೋಷವಿಲ್ಲದ ಮಕ್ಕಳಲ್ಲೂ, ಅದರಲ್ಲೂ ಜ್ವರ ಇದ್ದಾಗ, ರಕ್ತ ಕಡಿಮೆ ಇದ್ದಾಗ ಮರ್ಮರ್ ಕೇಳಿಸುವುದುಂಟು. ಎಕೋ ಮಾಡಿದರೆ ಗೊತ್ತಾಗುತ್ತದೆ.

ಮನೆಯಲ್ಲಿ ನಮಗೆ ಹೇಗೆ ಗೊತ್ತಾಗಬೇಕು?

ಮಗು ಹಾಲು ಕುಡಿಯುವುದನ್ನು ನೋಡಿ. ಇದಕ್ಕಿಂತ ಒಳ್ಳೆಯ ಪರೀಕ್ಷೆ ಮನೆಯಲ್ಲಿ ಇಲ್ಲ. ಕೂಸಿಗೆ ಹಾಲು ಕುಡಿಯುವುದೇ ದೊಡ್ಡ ಕೆಲಸ. ಹೃದಯಕ್ಕೆ ಭಾರವಾಗಿದ್ದರೆ ಅಲ್ಲೇ ಕಾಣುತ್ತದೆ. ನಾಲ್ಕು ಗುಟುಕು ಎಳೆಯುತ್ತದೆ, ಮೊಲೆ ಬಿಡುತ್ತದೆ, ಏದುಸಿರು ಬಿಡುತ್ತದೆ, ಮತ್ತೆ ಹಿಡಿಯುತ್ತದೆ. ಹಣೆ, ನೆತ್ತಿ ಬೆವರುತ್ತದೆ. ಫ್ಯಾನ್ ಕೆಳಗೆ ಕೂತಿದ್ದರೂ ತಾಯಿಯ ತೋಳು ಒದ್ದೆಯಾಗುತ್ತದೆ. ಹೊಟ್ಟೆ ತುಂಬುವ ಮೊದಲೇ ಸುಸ್ತಾಗಿ ನಿದ್ದೆ ಹೋಗುತ್ತದೆ, ಅರ್ಧ ತಾಸಿಗೆ ಹಸಿದು ಅಳುತ್ತದೆ. ಇದನ್ನು "ನನಗೆ ಹಾಲು ಸಾಲುತ್ತಿಲ್ಲ" ಅಂತ ತಾಯಂದಿರು ತಪ್ಪು ತಿಳಿಯುತ್ತಾರೆ. ಡಬ್ಬಿ ಹಾಲು ಶುರು ಮಾಡುತ್ತಾರೆ. ತೂಕ ಆಗಲೂ ಏರುವುದಿಲ್ಲ.

ಎರಡನೆಯದು ಉಸಿರು ಎಣಿಸುವುದು. ಮಗು ನಿದ್ದೆ ಮಾಡುವಾಗ ಅಂಗಿ ಮೇಲೆತ್ತಿ. ಮೊಬೈಲಿನಲ್ಲಿ ಒಂದು ನಿಮಿಷ ಇಟ್ಟುಕೊಂಡು ಹೊಟ್ಟೆ ಎಷ್ಟು ಸಲ ಮೇಲೇಳುತ್ತದೆ ಅಂತ ಪೂರ್ತಿ ಒಂದು ನಿಮಿಷ ಎಣಿಸಿ. ಅರ್ಧ ನಿಮಿಷ ಎಣಿಸಿ ದುಪ್ಪಟ್ಟು ಮಾಡಬೇಡಿ, ಕೂಸಿನ ಉಸಿರು ಒಂದೇ ಸಮ ಇರುವುದಿಲ್ಲ. 2 ತಿಂಗಳೊಳಗಿನ ಮಗುವಿಗೆ 60 ಅಥವಾ ಹೆಚ್ಚು, 2ರಿಂದ 12 ತಿಂಗಳಿಗೆ 50 ಅಥವಾ ಹೆಚ್ಚು, ಒಂದರಿಂದ 5 ವರ್ಷಕ್ಕೆ 40 ಅಥವಾ ಹೆಚ್ಚು ಬಂದರೆ ಅದು ವೇಗದ ಉಸಿರು. ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ ಅವತ್ತೇ ತೋರಿಸಿ.

ಇನ್ನು ಪದೇ ಪದೇ ಕಫ, ನ್ಯುಮೋನಿಯಾ. ವರ್ಷದೊಳಗೆ ಎರಡು ಮೂರು ಸಲ ನ್ಯುಮೋನಿಯಾ ಆಗಿ ದಾಖಲಾದ ಮಗುವಿಗೆ ಎಕೋ ಆಗಿರದಿದ್ದರೆ ನೀವೇ ಬಾಯಿಬಿಟ್ಟು ಕೇಳಿ. ಅಂಗನವಾಡಿಯ ತಾಯಿ ಕಾರ್ಡಿನಲ್ಲಿ ತೂಕದ ಗೆರೆ ಅಡ್ಡ ಮಲಗಿದ್ದರೆ ಅದೂ ಒಂದು ಸುಳಿವು.

ನಮ್ಮ ಮಗು ಅಳುವಾಗ ನೀಲಿಯಾಗುತ್ತದೆ. ಇದೂ ತೂತಿನಿಂದಲೇನಾ?

ಬರೀ ಎಎಸ್‌ಡಿ, ವಿಎಸ್‌ಡಿ, ಪಿಡಿಎ ಇದ್ದರೆ ಶುರುವಿನಲ್ಲಿ ಮಗು ನೀಲಿಯಾಗುವುದಿಲ್ಲ. ನಾಲಿಗೆ, ತುಟಿ, ಉಗುರು ನೀಲಿಯಾಗುತ್ತಿದ್ದರೆ ತೂತಿನ ಜೊತೆ ಬೇರೆ ದೋಷವೂ ಇರಬಹುದು. ಇವುಗಳಲ್ಲಿ ಹೆಚ್ಚು ಕಾಣುವುದು 'ಟೆಟ್ರಾಲಜಿ ಆಫ್ ಫ್ಯಾಲೋ'. ಇದರಲ್ಲಿ ತೂತಿನ ಜೊತೆ ಶ್ವಾಸಕೋಶಕ್ಕೆ ಹೋಗುವ ದಾರಿಯೂ ಕಿರಿದಾಗಿರುತ್ತದೆ. ಸ್ವಲ್ಪ ದೊಡ್ಡ ಮಕ್ಕಳು ಆಡುತ್ತಾ ಆಡುತ್ತಾ ಸುಸ್ತಾಗಿ ಕುಕ್ಕರಗಾಲಲ್ಲಿ ಕೂತುಬಿಡುತ್ತಾರೆ. ಇಂಥ ಮಗುವನ್ನು ಮುಂದಿನ ವಾರ ತೋರಿಸೋಣ ಅನ್ನಬೇಡಿ.

ಯಾವ ಪರೀಕ್ಷೆ ಮಾಡುತ್ತಾರೆ? ನೋವಾಗುತ್ತದಾ?

ಬೆರಳಿಗೆ ಕ್ಲಿಪ್ ಹಾಕಿ ಆಕ್ಸಿಜನ್ ನೋಡುತ್ತಾರೆ. ಇಸಿಜಿ, ಎದೆಯ ಎಕ್ಸ್-ರೇ ಇರುತ್ತದೆ. ಮುಖ್ಯವಾದದ್ದು 2ಡಿ ಎಕೋ. ಅದು ಬಸುರಿಯರಿಗೆ ಮಾಡುವ ಸ್ಕ್ಯಾನಿಂಗ್ ತರಹದ್ದೇ. ಎದೆಗೆ ತಣ್ಣನೆಯ ಜೆಲ್ ಹಚ್ಚಿ ಪ್ರೋಬ್ ಆಡಿಸುತ್ತಾರೆ. ಸೂಜಿ ಇಲ್ಲ, ನೋವಿಲ್ಲ, ಎಕ್ಸ್-ರೇಯ ಕಿರಣವೂ ಇಲ್ಲ. ಆದರೆ ಮಗು ಅಲುಗಾಡದೆ ಮಲಗಬೇಕು. ಚಿಕ್ಕ ಮಕ್ಕಳಿಗೆ ನಿದ್ದೆಯ ಸಿರಪ್ ಕೊಡುವುದುಂಟು. ಬೆಳಗಿನ ಜಾವದ ಬಸ್ಸಿಗೆ ಬಂದ ಕೂಸು ದಾರಿಯುದ್ದಕ್ಕೂ ನಿದ್ದೆ ಮಾಡಿ ಎಕೋ ಕೋಣೆಯಲ್ಲಿ ಕಣ್ಣರಳಿಸಿ ಕೂರುತ್ತದೆ, ಹಾಗಾಗಿ ದಾರಿಯಲ್ಲಿ ಸ್ವಲ್ಪ ಎಚ್ಚರವಾಗಿಡಿ. ಸಿರಪ್ ಕೊಡುವ ಮುಂಚೆ ಎಷ್ಟು ಹೊತ್ತು ಹಾಲು ಕೊಡಬಾರದು ಅಂತ ಕೇಳಿಕೊಳ್ಳಿ.

ಸಾಧ್ಯವಾದರೆ ಮಕ್ಕಳ ಹೃದ್ರೋಗ ತಜ್ಞರ ಹತ್ತಿರವೇ ಎಕೋ ಮಾಡಿಸಿ. ದೊಡ್ಡವರ ಹೃದಯ ನೋಡಿ ರೂಢಿಯಾದ ಕಣ್ಣಿಗೆ ಕೂಸಿನ ಹೃದಯದ ಸಣ್ಣ ಸಂಗತಿಗಳು ತಪ್ಪಿಹೋಗಬಹುದು. ಶ್ವಾಸಕೋಶದ ಒತ್ತಡ ಅಳೆಯಬೇಕಾದಾಗ ಮಾತ್ರ ತೊಡೆಯ ರಕ್ತನಾಳದಿಂದ ಕ್ಯಾತಿಟರ್ (ತೆಳುವಾದ ಕೊಳವೆ) ಹಾಕಿ ನೋಡುತ್ತಾರೆ.

ಎಕೋ ರಿಪೋರ್ಟಿನಲ್ಲಿ ಏನೇನೋ ಬರೆದಿದ್ದಾರೆ. ಹೆದರಿಕೆ ಆಗುತ್ತಿದೆ.

ಹೆದರಬೇಡಿ, ಒಂದೊಂದೇ ನೋಡೋಣ. ಮೊದಲ ಸಾಲಿನಲ್ಲಿ 'ಸಿಟಸ್ ಸಾಲಿಟಸ್, ಲೆವೋಕಾರ್ಡಿಯಾ' ಅಂತ ಇರುತ್ತದೆ. ಇದನ್ನೇ ದೊಡ್ಡ ರೋಗದ ಹೆಸರು ಅಂದುಕೊಂಡು ಅಳುವವರಿದ್ದಾರೆ. ಅಂಗಾಂಗಗಳು ಇರಬೇಕಾದ ಕಡೆ ಇವೆ, ಹೃದಯ ಎಡಕ್ಕಿದೆ ಅಂತ ಅದರ ಅರ್ಥ. ಒಳ್ಳೆಯ ಸುದ್ದಿಯೇ.

ಆಮೇಲೆ ತೂತಿನ ಹೆಸರು, ಜಾಗ, ಅಳತೆ. ಅಳತೆ ಮಿಲಿಮೀಟರಿನಲ್ಲಿರುತ್ತದೆ. 4 ಎಂಎಂ ಚಿಕ್ಕದಾ ದೊಡ್ಡದಾ ಅಂತ ಕೇಳುತ್ತೀರಿ. ಎರಡು ತಿಂಗಳ ಕೂಸಿಗೆ ಅದು ಸಣ್ಣದಲ್ಲ, ಎಂಟು ವರ್ಷದ ಹುಡುಗನಿಗೆ ಸಣ್ಣದು. ಪಕ್ಕದ ಮನೆ ಮಗುವಿನ ಅಳತೆಗೆ ಹೋಲಿಸಬೇಡಿ.

'ಗ್ರೇಡಿಯೆಂಟ್ 60' ಅಂತ ಕಂಡರೆ ಎಷ್ಟು ಜಾಸ್ತಿ ಇದೆ ಅಂತ ಗಾಬರಿಯಾಗುತ್ತೀರಿ. ಗ್ರೇಡಿಯೆಂಟ್ ಅಂದರೆ ತೂತಿನ ಎರಡು ಕಡೆಯ ಒತ್ತಡದ ಅಂತರ. ವಿಎಸ್‌ಡಿಯಲ್ಲಿ ಈ ಸಂಖ್ಯೆ ಜಾಸ್ತಿ ಇದ್ದಷ್ಟೂ ಒಳ್ಳೆಯದು. ಎಡದ ಒತ್ತಡ ಬಲಕ್ಕೆ ದಾಟಿಲ್ಲ, ತೂತು ಬಿಗಿಯಾಗಿದೆ ಅಂತ ಅದು ಹೇಳುತ್ತದೆ. 'ರಿಸ್ಟ್ರಿಕ್ಟಿವ್' ಅನ್ನುವ ಪದವೂ ಅದೇ ಮಾತು. 'ಲೆಫ್ಟ್ ಟು ರೈಟ್ ಶಂಟ್' ಅಂದರೆ ರಕ್ತ ಎಡದಿಂದ ಬಲಕ್ಕೆ ಹೋಗುತ್ತಿದೆ. 'ಎಲ್‌ಎ, ಎಲ್‌ವಿ ಡೈಲೇಟೆಡ್' ಅಂದರೆ ಎಡಗಡೆಯ ಕೋಣೆಗಳು ಹಿಗ್ಗಿವೆ, ಹೃದಯಕ್ಕೆ ಕೆಲಸ ಜಾಸ್ತಿಯಾಗಿದೆ. 'ಪಿಎಎಚ್' ಅಥವಾ 'ಪಿಎಚ್' ಅಂದರೆ ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆ. ಅದು ಮೈಲ್ಡಾ, ಮಾಡರೇಟಾ, ಸಿವಿಯರಾ ಅಂತ ನೋಡಿ. 'ಬೈಡೈರೆಕ್ಷನಲ್' ಅಂದರೆ ರಕ್ತ ಎರಡೂ ಕಡೆ ಹರಿಯುತ್ತಿದೆ. ಈ ಪದ ಇದ್ದರೆ ತಡ ಮಾಡದೆ ದೊಡ್ಡ ಸೆಂಟರಿಗೆ ಹೋಗಿ.

ಹಸುಗೂಸಿನ ರಿಪೋರ್ಟಿನಲ್ಲಿ 'ಪಿಎಫ್‌ಒ 2 ಎಂಎಂ' ಅಂತ ಇದ್ದರೆ ಅದು ರೋಗವಲ್ಲ. ಹೊಟ್ಟೆಯಲ್ಲಿದ್ದಾಗಿನ ಕಿಂಡಿ ಇನ್ನೂ ಪೂರ್ತಿ ಮುಚ್ಚಿಲ್ಲ ಅಷ್ಟೇ. ದೊಡ್ಡವರಲ್ಲೇ ನಾಲ್ವರಲ್ಲಿ ಒಬ್ಬರಿಗೆ ಅದು ಇರುತ್ತದೆ.

ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಅನ್ನುತ್ತಾರೆ. ಖರೇನಾ?

ಕೆಲವು ಮುಚ್ಚುತ್ತವೆ. ಕೆಳಗೋಡೆಯ ಮಾಂಸಖಂಡದ ಭಾಗದಲ್ಲಿರುವ ಚಿಕ್ಕ ವಿಎಸ್‌ಡಿಗಳಲ್ಲಿ ಹೆಚ್ಚಿನವು ಮೊದಲ ಕೆಲವು ವರ್ಷಗಳಲ್ಲಿ ಮುಚ್ಚಿಹೋಗುತ್ತವೆ. ಕೂಸಿನಲ್ಲಿ 5 ಎಂಎಂಗಿಂತ ಚಿಕ್ಕ ಎಎಸ್‌ಡಿಗಳೂ ಎಷ್ಟೋ ಮುಚ್ಚುತ್ತವೆ. 8 ಎಂಎಂ ದಾಟಿದ್ದು ತಾನಾಗಿ ಮುಚ್ಚುವುದು ಅಪರೂಪ. ತಿಂಗಳು ತುಂಬಿ ಹುಟ್ಟಿದ ಮಗುವಿನಲ್ಲಿ ಕೆಲವು ತಿಂಗಳ ಮೇಲೂ ಉಳಿದ ಪಿಡಿಎ ಸಾಮಾನ್ಯವಾಗಿ ಮುಚ್ಚುವುದಿಲ್ಲ. ಕವಾಟದ ಹತ್ತಿರದ ಕೆಲವು ವಿಎಸ್‌ಡಿಗಳು ಚಿಕ್ಕವಿದ್ದರೂ ಕವಾಟ ಕೆಡಿಸುತ್ತವೆ, ಅವುಗಳ ಮೇಲೆ ಕಣ್ಣಿಡಲೇಬೇಕು.

ಡಾಕ್ಟರು "ಕಾಯೋಣ" ಅಂದರೆ ತಾರೀಖು ಕೊಟ್ಟು ಕಾಯುತ್ತಾರೆ. ಆರು ತಿಂಗಳಿಗೆ ಬನ್ನಿ ಅಂದರೆ ಆರು ತಿಂಗಳಿಗೆ ಎಕೋ ಆಗಲೇಬೇಕು. ಕಬ್ಬು ಕಡಿಯಲು ಊರು ಬಿಟ್ಟು ಹೋಗುವವರು, ಗೋವಾ, ಪುಣೆ ಕಡೆ ದುಡಿಯಲು ಹೋಗುವವರು ಫೈಲ್ ಜೊತೆಗೇ ಒಯ್ಯಿರಿ. ಹೋದ ಊರಿನಲ್ಲಾದರೂ ತೋರಿಸಿ.

ಔಷಧದಿಂದ ತೂತು ಮುಚ್ಚುವುದಿಲ್ಲವಾ?

ಇಲ್ಲ. ಫ್ಯೂರೋಸಮೈಡ್, ಎನಲಾಪ್ರಿಲ್ ತರಹದ ಔಷಧಗಳು ಹೃದಯದ, ಶ್ವಾಸಕೋಶದ ಭಾರ ಇಳಿಸುತ್ತವೆ. ಮಗು ಆರಾಮಾಗಿ ಹಾಲು ಕುಡಿದು ತೂಕ ಏರಿಸಿಕೊಳ್ಳುತ್ತದೆ. ಆರಾಮಾಯಿತು ಅಂತ ಔಷಧ ಬಿಟ್ಟರೆ ಮತ್ತೆ ಉಸಿರು ಕಟ್ಟುತ್ತದೆ. ತಿಂಗಳು ತುಂಬದೆ ಹುಟ್ಟಿದ ಮಕ್ಕಳ ಪಿಡಿಎ ಮಾತ್ರ ಕೆಲವೊಮ್ಮೆ ಔಷಧದಿಂದ ಮುಚ್ಚುತ್ತದೆ.

ನಾಟಿ ಔಷಧ, ತಾಯತ ಕಟ್ಟಿಸಿಕೊಂಡು ಬಂದವರನ್ನು ನಾನು ಬೈಯುವುದಿಲ್ಲ. ಆದರೆ ಕೂಸಿನ ಹೊಟ್ಟೆಗೆ, ಎದೆಗೆ ಬರೆ ಹಾಕಿಸುವುದನ್ನು ದಯವಿಟ್ಟು ನಿಲ್ಲಿಸಿ. ಸುಟ್ಟ ಗಾಯ ಕೀವಾಗುತ್ತದೆ, ನಂಜು ರಕ್ತಕ್ಕೆ ಏರುತ್ತದೆ, ಆಗಬೇಕಾದ ಆಪರೇಷನ್ ಮುಂದೆ ಹೋಗುತ್ತದೆ.

ಮಗು ಇನ್ನೂ ಚಿಕ್ಕದು. ಸ್ವಲ್ಪ ದೊಡ್ಡದಾಗಲಿ, ಆಮೇಲೆ ಮಾಡಿಸಿದರೆ ಆಗಲ್ವಾ?

ಈ ಪುಟ ಬರೆಯಲು ಮುಖ್ಯ ಕಾರಣವೇ ಈ ಪ್ರಶ್ನೆ. ಯಾವ ತೂತು ಅನ್ನುವುದರ ಮೇಲೆ ಉತ್ತರ ನಿಂತಿದೆ. ಎಎಸ್‌ಡಿಗೆ ಸಾಮಾನ್ಯವಾಗಿ 3ರಿಂದ 5 ವರ್ಷದವರೆಗೆ ಕಾಯಬಹುದು. ದೊಡ್ಡ ವಿಎಸ್‌ಡಿಗೆ ಆ ಪುರುಸೊತ್ತು ಇಲ್ಲ. ಅದನ್ನು ಮೊದಲ ವರ್ಷದೊಳಗೇ, ಎಷ್ಟೋ ಸಲ 3ರಿಂದ 6 ತಿಂಗಳಿಗೇ ಮುಚ್ಚಬೇಕಾಗುತ್ತದೆ. ಡೌನ್ ಸಿಂಡ್ರೋಮ್ ಮಕ್ಕಳಲ್ಲಿ ಹೆಚ್ಚು ಕಾಣುವ ಎವಿಎಸ್‌ಡಿಯೂ (ಮೇಲಿನ, ಕೆಳಗಿನ ಗೋಡೆಗಳು ಸೇರುವ ನಡುಭಾಗದ ದೊಡ್ಡ ತೂತು) ಹಾಗೇ.

ಕಾದರೆ ಏನಾಗುತ್ತದೆ? ದಿನವೂ ಜಾಸ್ತಿ ರಕ್ತ ರಭಸದಿಂದ ನುಗ್ಗಿ ಶ್ವಾಸಕೋಶದ ಸಣ್ಣ ರಕ್ತನಾಳಗಳು ದಪ್ಪಗಾಗುತ್ತವೆ, ಗಡುಸಾಗುತ್ತವೆ. ಆಗ ಮಗು ಆರಾಮಾದ ಹಾಗೆ ಕಾಣುತ್ತದೆ. ಏದುಸಿರು ಕಡಿಮೆ, ನ್ಯುಮೋನಿಯಾ ಕಡಿಮೆ. "ನೋಡಿ, ತಾನಾಗೇ ಸುಧಾರಿಸಿತು" ಅನ್ನುತ್ತಾರೆ ಮನೆಯವರು. ನಿಜವಾಗಿ ಆಪರೇಷನ್ನಿನ ಬಾಗಿಲು ಮುಚ್ಚುತ್ತಿರುತ್ತದೆ. ಮುಂದೆ ಬಲಗಡೆಯ ಒತ್ತಡವೇ ಜಾಸ್ತಿಯಾಗಿ ಕೆಟ್ಟ ರಕ್ತ ಎಡಕ್ಕೆ ದಾಟುತ್ತದೆ, ತುಟಿ ಉಗುರು ನೀಲಿಯಾಗುತ್ತವೆ. ಇದಕ್ಕೆ ಐಸೆನ್‌ಮೆಂಗರ್ ಅನ್ನುತ್ತಾರೆ. ಈ ಹಂತದಲ್ಲಿ ತೂತು ಮುಚ್ಚಿದರೆ ಜೀವಕ್ಕೇ ಅಪಾಯ. ಔಷಧ ಕೊಟ್ಟು ನೋಡಿಕೊಳ್ಳಬಹುದು, ಗುಣ ಮಾಡಲು ಆಗುವುದಿಲ್ಲ. ಆರು ತಿಂಗಳಿಗೆ ಬಂದಿದ್ದರೆ ಮುಗಿದುಹೋಗುತ್ತಿದ್ದ ಆಪರೇಷನ್ನು ಅದು. ಹತ್ತು ವರ್ಷದ ಮಗುವಿನ ಅಪ್ಪನಿಗೆ ಇದನ್ನು ಹೇಳುವುದು ನಮ್ಮ ಕೆಲಸದಲ್ಲಿ ಅತಿ ಕಷ್ಟದ್ದು.

ಡಿವೈಸ್ ಹಾಕಿಸುವುದಾ, ಆಪರೇಷನ್ ಮಾಡಿಸುವುದಾ?

ಇದು ನಿಮ್ಮ ಆಯ್ಕೆಗಿಂತ ತೂತಿನ ಜಾಗದ ಮೇಲೆ ನಿಂತಿದೆ. ಗೋಡೆಯ ನಡುವೆ ಇರುವ ಎಎಸ್‌ಡಿಗೆ ಸುತ್ತ ಸಾಕಷ್ಟು ಅಂಚು ಇದ್ದರೆ, ಮಗುವಿನ ತೂಕ ಸುಮಾರು 10-15 ಕೆಜಿ ಇದ್ದರೆ ಡಿವೈಸ್ ಆಗುತ್ತದೆ. ಪಿಡಿಎಗಳಲ್ಲಿ ಹೆಚ್ಚಿನವಕ್ಕೆ, ವಿಎಸ್‌ಡಿಗಳಲ್ಲಿ ಕೆಲವಕ್ಕೆ ಆಗುತ್ತದೆ. ತೊಡೆಯ ರಕ್ತನಾಳದಿಂದ ತೆಳುವಾದ ಕೊಳವೆ ತೂರಿಸಿ, ನಿಕ್ಕಲ್-ಟೈಟಾನಿಯಂ ತಂತಿಯ ಜಾಲರಿಯನ್ನು ತೂತಿನಲ್ಲಿ ಬಿಚ್ಚುತ್ತಾರೆ. ಎಎಸ್‌ಡಿ ಡಿವೈಸಿನಲ್ಲಿ ಎರಡು ತಟ್ಟೆಗಳಿದ್ದು ಗೋಡೆಯ ಎರಡೂ ಕಡೆ ಕೂರುತ್ತವೆ. ಒಂದೆರಡು ದಿನದಲ್ಲಿ ಮನೆಗೆ ಬರಬಹುದು. ಕೆಲವು ತಿಂಗಳಲ್ಲಿ ಮೈಯ ಪೊರೆಯೇ ಅದರ ಮೇಲೆ ಬೆಳೆಯುತ್ತದೆ. ಬ್ಯಾಟರಿ ಇಲ್ಲ, ಬದಲಾಯಿಸಬೇಕಾಗಿಲ್ಲ.

ಉಳಿದವಕ್ಕೆ ಆಪರೇಷನ್. ಹೃದಯ, ಶ್ವಾಸಕೋಶದ ಕೆಲಸವನ್ನು ಒಂದು ಯಂತ್ರಕ್ಕೆ ವಹಿಸಿ, ಹೃದಯವನ್ನು ಸ್ವಲ್ಪ ಹೊತ್ತು ನಿಲ್ಲಿಸಿ, ತೂತಿಗೆ ಪ್ಯಾಚ್ ಹಾಕಿ ಹೊಲಿಯುತ್ತಾರೆ. ಹೃದಯ ನಿಲ್ಲಿಸುತ್ತಾರೆ ಅಂದ ಕೂಡಲೇ ಎದೆ ಧಸಕ್ ಅನ್ನುತ್ತದೆ, ಗೊತ್ತು. ಆದರೆ ಇದು ನಿನ್ನೆ ಮೊನ್ನೆಯ ಪ್ರಯೋಗವಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ರಾಬರ್ಟ್ ಗ್ರಾಸ್ ಮೊದಲ ಪಿಡಿಎ ಕಟ್ಟಿದ್ದು 1938ರಲ್ಲಿ. ಇಂಥ ಯಂತ್ರ ಬಳಸಿ ಜಾನ್ ಗಿಬ್ಬನ್ 18 ವರ್ಷದ ಹುಡುಗಿಯೊಬ್ಬಳ ಎಎಸ್‌ಡಿ ಮುಚ್ಚಿದ್ದು 1953ರಲ್ಲಿ. ಯಾವ ಆಪರೇಷನ್ನಿಗೂ ಅಪಾಯ ಇದ್ದೇ ಇದೆ. ನಿಮ್ಮ ಮಗುವಿಗೆ ಎಷ್ಟು ಅಂತ ಸರ್ಜನ್ನರನ್ನು ನೇರವಾಗಿ ಕೇಳಿ.

ಎಲ್ಲಿಗೆ ಹೋಗಬೇಕು? ದುಡ್ಡು ಎಲ್ಲಿಂದ ತರುವುದು?

ಹೊಲ ಮಾರುವ ಮೊದಲು ಜಿಲ್ಲಾ ಆಸ್ಪತ್ರೆಗೆ ಹೋಗಿ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ಇದೆ. ಹೃದಯದ ಹುಟ್ಟುದೋಷ ಅದರ ಪಟ್ಟಿಯಲ್ಲೇ ಇದೆ. ಇದರ ತಂಡ ಅಂಗನವಾಡಿಗೆ, ಶಾಲೆಗೆ ಬರುತ್ತದೆ. ಆಶಾ ಕಾರ್ಯಕರ್ತೆಯನ್ನು ಕೇಳಿದರೂ ದಾರಿ ಹೇಳುತ್ತಾರೆ.

ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ 1.5 ಲಕ್ಷದ ಮಿತಿಯಲ್ಲಿ. ತುರ್ತು ಇಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು. ಇದನ್ನು ಬಿಟ್ಟು ನೇರ ದೊಡ್ಡ ಆಸ್ಪತ್ರೆಗೆ ಹೋಗಿ ವಾಪಸ್ ಬಂದವರು ಬಹಳ. ರೇಷನ್ ಕಾರ್ಡ್, ಎಲ್ಲರ ಆಧಾರ್, ಮಗುವಿನ ಜನನ ಪತ್ರ, ಎಕೋ ರಿಪೋರ್ಟ್ ಒಂದೇ ಚೀಲದಲ್ಲಿರಲಿ. ರೇಷನ್ ಕಾರ್ಡಿನಲ್ಲಿ ಕೂಸಿನ ಹೆಸರು ಸೇರಿಸಿರದಿದ್ದರೆ ಇವತ್ತೇ ಶುರು ಮಾಡಿ.

ಪರೀಕ್ಷೆಗೆ ಬೆಳಗಾವಿಯಲ್ಲಿ ಬಿಮ್ಸ್, ಬಾಗಲಕೋಟೆಯಲ್ಲಿ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದಲ್ಲಿ ಬಿಎಲ್‌ಡಿಇ ಮತ್ತು ಜಿಲ್ಲಾ ಆಸ್ಪತ್ರೆ ಇವೆ. ಹೃದಯದ ಆಪರೇಷನ್ನಿಗೆ ಬೆಳಗಾವಿಯ ಕೆಎಲ್‌ಇ ಪ್ರಭಾಕರ ಕೋರೆ ಆಸ್ಪತ್ರೆ, ಧಾರವಾಡದ ಎಸ್‌ಡಿಎಂ, ಬೆಂಗಳೂರಿನ ಜಯದೇವಕ್ಕೆ ನಮ್ಮ ಕಡೆಯವರು ಹೋಗುತ್ತಾರೆ. ವೈಟ್‌ಫೀಲ್ಡಿನ ಸತ್ಯಸಾಯಿ ಆಸ್ಪತ್ರೆ 2001ರಿಂದ ಉಚಿತವಾಗಿ ಚಿಕಿತ್ಸೆ ಕೊಡುತ್ತಿದೆ. ಮಿರಜ್, ಸೊಲ್ಲಾಪುರಕ್ಕೆ ಹೋಗುವವರು ಆ ಆಸ್ಪತ್ರೆ ಕರ್ನಾಟಕದ ಯೋಜನೆಯಲ್ಲಿ ಇದೆಯಾ ಅಂತ ಮೊದಲೇ ಕೇಳಿ. ಎಲ್ಲಿಗೆ ಹೋದರೂ, ನಿಮ್ಮ ಮಗುವಿನ ವಯಸ್ಸಿನವರಿಗೆ ಅಲ್ಲಿ ಆಪರೇಷನ್ ಮಾಡುತ್ತಾರಾ ಅಂತ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಹೃದಯದ ಆಪರೇಷನ್ನಿಗೆ ಹೋಗುವ ರೋಗಿಗೂ ಜೊತೆಗಿರುವ ಒಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಆಸ್ಪತ್ರೆಯ ಸರ್ಟಿಫಿಕೇಟ್ ತೋರಿಸಬೇಕು.

ಆಪರೇಷನ್ ಆಗುವವರೆಗೆ ಮಗುವನ್ನು ಹೇಗೆ ನೋಡಿಕೊಳ್ಳಬೇಕು?

ಎದೆಹಾಲು ಬಿಡಿಸಬೇಡಿ. ಸ್ವಲ್ಪ ಸ್ವಲ್ಪ, ಪದೇ ಪದೇ ಕೊಡಿ, ತಲೆ ಎತ್ತರಕ್ಕಿರಲಿ. ಎಳೆಯಲು ಸುಸ್ತಾದರೆ ಹಿಂಡಿದ ಹಾಲನ್ನು ಒಳಲೆಯಲ್ಲಿ ಕುಡಿಸಿ. ಲಸಿಕೆ ಒಂದೂ ತಪ್ಪಿಸಬೇಡಿ. ಹಲ್ಲು ಬಂದಮೇಲೆ ದಿನಾ ಉಜ್ಜಿಸಿ, ಹುಳುಕು ಹಲ್ಲಿನ ಸೋಂಕು ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೆ ಹತ್ತಬಹುದು.

ಆಪರೇಷನ್ ಆದ ಮೇಲೆ?

ಎದೆಮೂಳೆ ಕೂಡಲು 6ರಿಂದ 8 ವಾರ ಬೇಕು. ಅಲ್ಲಿವರೆಗೆ ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಒಂದು ಕೈ ಕತ್ತಿನ ಕೆಳಗೆ, ಒಂದು ಕೈ ಕುಂಡಿಯ ಕೆಳಗೆ ಕೊಟ್ಟು ಎತ್ತಿ. ನೋಡಲು ಬಂದ ನೆಂಟರಿಗೂ ಮೊದಲೇ ಹೇಳಿ. ಬೈಕಿನ ಮುಂದೆ ಕೂರಿಸಿಕೊಂಡು ಹೋಗಬೇಡಿ. ಗಾಯಕ್ಕೆ ಅರಿಶಿನ, ಎಣ್ಣೆ ಹಚ್ಚಬೇಡಿ. ಜ್ವರ ಬಂದರೆ, ಗಾಯ ಕೆಂಪಾಗಿ ಒಸರಿದರೆ ತೋರಿಸಿ. ಡಿವೈಸ್ ಹಾಕಿದವರಿಗೆ ಸಾಮಾನ್ಯವಾಗಿ ಆರು ತಿಂಗಳು ಆಸ್ಪಿರಿನ್ ಇರುತ್ತದೆ, ನಡುವೆ ಬಿಡಬಾರದು. ಆಪರೇಷನ್ ವೇಳೆ ರಕ್ತ ಕೊಟ್ಟಿದ್ದರೆ ಎಂಆರ್ (ದಡಾರ-ರುಬೆಲ್ಲಾ) ಲಸಿಕೆಯ ತಾರೀಖು ಮುಂದೆ ಹೋಗಬಹುದು, ಕೇಳಿಕೊಳ್ಳಿ.

ಆಮೇಲೆ ಎಲ್ಲರಂತೆ ಶಾಲೆ, ಆಟ, ಓಟ. ತೂತು ಸರಿಯಾಗಿ ಮುಚ್ಚಿ, ಶ್ವಾಸಕೋಶದ ಒತ್ತಡ ಸರಿ ಇರುವ ಮಗುವನ್ನು "ಹಾರ್ಟ್ ಪೇಷಂಟ್" ಅಂತ ಮೂಲೆಯಲ್ಲಿ ಕೂರಿಸಬೇಡಿ.

ಹೆಣ್ಣುಮಗು. ಎದೆ ಮೇಲೆ ಕಲೆ ಉಳಿದರೆ ಮುಂದೆ ಮದುವೆ?

ಕಲೆಗೆ ಹೆದರಿ ಆಪರೇಷನ್ ಮುಂದೂಡಿದ ಮನೆಗಳಿವೆ. ಅವೇ ಮನೆಗಳಲ್ಲಿ ಮಗನಿಗಾಗಿದ್ದರೆ ಸಾಲ ಮಾಡಿಯಾದರೂ ಓಡುತ್ತಿದ್ದರು. ನನಗೆ ಇದನ್ನು ನೋಡಿ ಸುಮ್ನೆ ಇರಲು ಆಗುವುದಿಲ್ಲ. ಸಮಯಕ್ಕೆ ಎಎಸ್‌ಡಿ, ವಿಎಸ್‌ಡಿ ಮುಚ್ಚಿಸಿಕೊಂಡ ಹೆಣ್ಣುಮಕ್ಕಳು ಸಾಮಾನ್ಯವಾಗಿ ಮದುವೆಯಾಗಿ, ಆರಾಮಾಗಿ ಹೆರಬಹುದು. ಮುಚ್ಚಿಸದೆ ಐಸೆನ್‌ಮೆಂಗರ್ ಆದವಳಿಗೆ ಬಸಿರು ಜೀವಕ್ಕೇ ಅಪಾಯ. ಕಾಯಿಲೆಯನ್ನು ಬಚ್ಚಿಟ್ಟು ಮದುವೆ ಮಾಡುವುದು ಅವಳ ಪ್ರಾಣದ ಜೊತೆ ಆಟವಾಡಿದಂತೆ.

ಮುಂದಿನ ಮಗುವಿಗೂ ಬರುತ್ತದಾ?

ಎಲ್ಲರಿಗೂ ನೂರಕ್ಕೆ ಒಂದು ಇರುವುದು ನಿಮಗೆ ಸುಮಾರು ಎರಡು ಮೂರು ಆಗುತ್ತದೆ. ಅಂದರೆ ಬರದಿರುವ ಸಾಧ್ಯತೆಯೇ ಬಹಳ ಜಾಸ್ತಿ. ಮುಂದಿನ ಬಸಿರಿನಲ್ಲಿ 18ರಿಂದ 22 ವಾರಕ್ಕೆ ಫೀಟಲ್ ಎಕೋ (ಹೊಟ್ಟೆಯಲ್ಲಿರುವ ಮಗುವಿನ ಹೃದಯದ ಎಕೋ) ಮಾಡಿಸಿ. ಸಕ್ಕರೆ ಹತೋಟಿಯಲ್ಲಿಡಿ, ಫೋಲಿಕ್ ಆಸಿಡ್ ಮಾತ್ರೆಯನ್ನು ಬಸುರಿಯಾಗುವ ಮೊದಲೇ ಶುರು ಮಾಡಿ.

ಯಾವಾಗ ತಕ್ಷಣ ಆಸ್ಪತ್ರೆಗೆ ಓಡಬೇಕು?

ಮಗು ಹಾಲು ಪೂರ್ತಿ ಬಿಟ್ಟರೆ, ನರಳುತ್ತಾ ಉಸಿರಾಡಿದರೆ, ಕೈಕಾಲು ತಣ್ಣಗಾಗಿ ಮಂಕಾದರೆ, ತುಟಿ ನೀಲಿಯಾದರೆ, ಎಚ್ಚರ ತಪ್ಪಿದರೆ 108ಕ್ಕೆ ಫೋನ್ ಮಾಡಿ. ಟೆಟ್ರಾಲಜಿ ಇರುವ ಮಗು ಅಳುತ್ತಾ ಕಡುನೀಲಿಯಾದರೆ, ಅದರ ಎರಡೂ ಮೊಣಕಾಲು ಮಡಚಿ ಎದೆಗೆ ಒತ್ತಿ ಹಿಡಿದುಕೊಳ್ಳಿ, ಸಮಾಧಾನ ಮಾಡಿ. ಅಂಬ್ಯುಲೆನ್ಸ್ ಬರುವವರೆಗೂ ಹಾಗೇ ಹಿಡಿದಿರಿ. ಹೊರಡುವಾಗ ಎಕೋ ಫೈಲ್ ಮರೆಯಬೇಡಿ. ಕೊನೆಯ ರಿಪೋರ್ಟಿನ ಫೋಟೋ ಮನೆಯ ಎರಡು ಮೊಬೈಲುಗಳಲ್ಲಾದರೂ ಇರಲಿ.